ಪದದಿಂದ ವಾಕ್ಯದೆಡೆಗೆ: ಕೋಬಾಲ್ಟ್ ಇರುವ ತಾಮ್ರದ ಆಕ್ಸೈಡುಗಳು ಮತ್ತು ಕನ್ನಡದ ವಿಜ್ಞಾನಗದ್ಯ

ಕನ್ನಡಕ್ಕೆ ಶಾಸ್ತ್ರಸಾಹಿತ್ಯ ಹೊಸದಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, 12ನೆಯ ಶತಮಾನದ ರಾಜಾದಿತ್ಯನ ಗಣಿತ ಕೃತಿಗಳು, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವೆಲ್ಲ ಲೋಕಜ್ಞಾನವನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಪ್ರಯತ್ನಗಳೇ ಆಗಿವೆ. ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆ, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು, ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’, 1978ರಲ್ಲಿ ಹೊರಬಂದ ‘ಬಾಲವಿಜ್ಞಾನ’ ಈ ಪರಂಪರೆಯನ್ನು ಮುಂದುವರಿಸಿದವು. ಆದರೆ ಈ ಬರಹಗಳ ಬಗೆಗೆ ಕನ್ನಡ ವಿಭಾಗಗಳಲ್ಲಿ ನಡೆದ ಚರ್ಚೆಯ ಬಹುಭಾಗ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ. ಪಾರಿಭಾಷಿಕ ಪದಗಳು ಸಂಸ್ಕೃತದಿಂದ ಬರಬೇಕೆ, ಇಂಗ್ಲಿಷಿನಿಂದ ಹಾಗೆಯೇ ಬರಬೇಕೆ ಅಥವಾ ಕನ್ನಡದ ಬೇರುಗಳಿಂದಲೇ ಹುಟ್ಟಬೇಕೆ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಗೆ ಮಹತ್ವವಿಲ್ಲವೆಂದಲ್ಲ. ಆದರೆ ಅದೊಂದನ್ನೇ ಕೇಳುತ್ತ ಹೋದುದರಿಂದ ಇನ್ನೊಂದು ಪ್ರಶ್ನೆ ಹಿಂದೆ ಉಳಿಯಿತು. ವಿಜ್ಞಾನದ ತಿಳಿವಳಿಕೆ ನಾಮಪದಗಳಲ್ಲಿ ಇರುತ್ತದೆಯೋ, ಆ ನಾಮಪದಗಳನ್ನು ಕಾರ್ಯಕಾರಣ ಸಂಬಂಧದಲ್ಲಿ ಜೋಡಿಸುವ ವಾಕ್ಯಗಳಲ್ಲಿ ಇರುತ್ತದೆಯೋ? ಈ ಪ್ರಶ್ನೆಯನ್ನು ಸಾಮಾನ್ಯ ರೂಪದಲ್ಲಿ ಚರ್ಚಿಸಿದರೆ ಉತ್ತರಗಳೂ ಸಾಮಾನ್ಯವಾಗಿಯೇ ಉಳಿಯುತ್ತವೆ. ಆದುದರಿಂದ ಕನ್ನಡಕ್ಕೆ ತೀರ ದೂರದ್ದೆಂದು ತೋರುವ ಒಂದು ವಿಷಯವನ್ನು ಆರಿಸಿಕೊಂಡು ಪರೀಕ್ಷಿಸುವುದು ಯುಕ್ತ. ಪದರಪದರವಾಗಿ ಕಟ್ಟಿಕೊಂಡಿರುವ ತಾಮ್ರದ ಆಕ್ಸೈಡುಗಳಲ್ಲಿ ಕೋಬಾಲ್ಟ್ ಇದ್ದಾಗ ಅವುಗಳ ಕಾಂತೀಯ ಮತ್ತು ವಿದ್ಯುತ್ ಗುಣಗಳು ಏನಾಗುತ್ತವೆ ಎಂಬುದು ಅಂಥ ಒಂದು ವಿಷಯ.

ವಸ್ತು ಮತ್ತು ಅದರ ಊರು

ತಾಮ್ರ ಕನ್ನಡ ವಿದ್ವಾಂಸರಿಗೆ ಶಾಸನಗಳ ಮೂಲಕ ಪರಿಚಿತವಾದ ಲೋಹ. ಅದು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಅದೇ ತಾಮ್ರ ಆಮ್ಲಜನಕದೊಡನೆ ಕೂಡಿ ಆಕ್ಸೈಡ್ ಆದಾಗ ಈ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಲ್ಯಾಂತನಮ್ ಎಂಬ ಇನ್ನೊಂದು ಲೋಹವನ್ನೂ ಸೇರಿಸಿ, ಎರಡು ಲ್ಯಾಂತನಮ್, ಒಂದು ತಾಮ್ರ, ನಾಲ್ಕು ಆಮ್ಲಜನಕ ಎಂಬ ಲೆಕ್ಕದಲ್ಲಿ ಕೂಡಿಸಿದರೆ ದೊರೆಯುವ ವಸ್ತುವಿನ ರಚನೆ ಗಮನಾರ್ಹವಾದುದು. ಅದರಲ್ಲಿ ತಾಮ್ರ ಮತ್ತು ಆಮ್ಲಜನಕದ ಪರಮಾಣುಗಳು ಚೌಕಳಿ ಹಾಸಿನಂತೆ ಒಂದು ಪದರವಾಗಿ ಹರಡಿಕೊಳ್ಳುತ್ತವೆ. ಅಂಥ ಎರಡು ಪದರಗಳ ನಡುವೆ ಲ್ಯಾಂತನಮ್ ಮತ್ತು ಆಮ್ಲಜನಕದ ಹಾಸು ಬರುತ್ತದೆ. ಮುಖ್ಯ ವ್ಯಾಪಾರವೆಲ್ಲ ತಾಮ್ರದ ಪದರದಲ್ಲೇ ನಡೆಯುತ್ತದೆ.

ಈ ಬಗೆಯ ಪದರರಚನೆಯ ಆಕ್ಸೈಡುಗಳಿಗೂ ಬೆಂಗಳೂರಿಗೂ ನೇರ ಸಂಬಂಧವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಅವರು ಇವುಗಳ ರಚನೆ ಮತ್ತು ಕಾಂತೀಯ ಗುಣಗಳನ್ನು ಅಭ್ಯಾಸ ಮಾಡಿ 1984ರಲ್ಲೇ ವಿಸ್ತಾರವಾದ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. 1986ರಲ್ಲಿ ಸ್ವಿಟ್ಜರ್ಲೆಂಡಿನ ಐ.ಬಿ.ಎಂ. ಪ್ರಯೋಗಾಲಯದ ಬೆಡ್‌ನಾರ್ಟ್ಸ್ ಮತ್ತು ಮ್ಯೂಲರ್ ಎಂಬಿಬ್ಬರು ಇದೇ ಕುಟುಂಬದ, ಬೇರಿಯಂ ಬೆರೆಸಿದ ವಸ್ತುವೊಂದರಲ್ಲಿ ಸುಮಾರು 30 ಕೆಲ್ವಿನ್ ತಾಪದ ಆಸುಪಾಸಿನಲ್ಲಿ ಅತಿವಾಹಕತೆಯನ್ನು ಕಂಡು, 1987ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. 1987ರಲ್ಲೇ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್ 90 ಕೆಲ್ವಿನ್‌ಗಿಂತ ಮೇಲೆಯೂ ಅತಿವಾಹಕವಾಗಿರುತ್ತದೆಂದು ತಿಳಿಯಿತು. ದ್ರವ ಸಾರಜನಕದ ಕುದಿಬಿಂದು 77 ಕೆಲ್ವಿನ್ ಆದುದರಿಂದ, ದುಬಾರಿಯಾದ ದ್ರವ ಹೀಲಿಯಂ ಇಲ್ಲದೆಯೇ ಈ ಗುಣವನ್ನು ಕಾಣುವುದು ಸಾಧ್ಯವಾಯಿತು. ಆ ಮಿಶ್ರಣದಲ್ಲಿ ಯಾವ ಸಂಯುಕ್ತ ಈ ಗುಣಕ್ಕೆ ಕಾರಣವೆಂದು ಗುರುತಿಸಿದವರಲ್ಲಿ ಬೆಂಗಳೂರಿನ ರಾವ್ ಅವರ ತಂಡವೂ ಒಂದು. ಕರ್ನಾಟಕದ ನೆಲದಲ್ಲೇ ನಡೆದ ಈ ಕೆಲಸದ ಹೆಸರು ಕನ್ನಡ ಪತ್ರಿಕೆಗಳಲ್ಲಿ ಬಂದಿತು. ಆದರೆ ಅದರ ಒಳಗಿನ ವಿಚಾರ ಕನ್ನಡದ ಗದ್ಯಕ್ಕೆ ಎಷ್ಟರಮಟ್ಟಿಗೆ ಬಂದಿದೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಪಂಕ್ತಿಯಲ್ಲಿ ಕುಳಿತ ಎಲೆಕ್ಟ್ರಾನುಗಳು

ಮೇಲೆ ಹೇಳಿದ ಲ್ಯಾಂತನಮ್ ತಾಮ್ರದ ಆಕ್ಸೈಡಿನಲ್ಲಿ ಪ್ರತಿ ತಾಮ್ರದ ನೆಲೆಯಲ್ಲೂ ಜೋಡಿಯಿಲ್ಲದ ಒಂದೊಂದು ಎಲೆಕ್ಟ್ರಾನ್ ಇರುತ್ತದೆ. ಘನವಸ್ತುಗಳ ಸರಳ ಸಿದ್ಧಾಂತದ ಪ್ರಕಾರ ಇಂಥ ವಸ್ತು ವಿದ್ಯುದ್ವಾಹಕವಾಗಿರಬೇಕು. ವಾಸ್ತವದಲ್ಲಿ ಅದು ಅವಾಹಕ. ಕಾರಣವನ್ನು ಹೀಗೆ ಹೇಳಬಹುದು. ಊಟದ ಪಂಕ್ತಿಯಲ್ಲಿ ಎಲೆಗೊಬ್ಬರಂತೆ ಎಲ್ಲರೂ ಕುಳಿತಿದ್ದಾರೆ. ಒಂದೇ ಎಲೆಯ ಮುಂದೆ ಇಬ್ಬರು ಕೂರುವುದು ಬಹಳ ಇಕ್ಕಟ್ಟಿನ ಸಂಗತಿ. ಹಾಗಾಗಿ ಯಾರೂ ಪಕ್ಕಕ್ಕೆ ಸರಿಯಲಾರರು. ಎಲೆಕ್ಟ್ರಾನುಗಳ ಸ್ಥಿತಿಯೂ ಅದೇ. ಒಂದು ನೆಲೆಯಲ್ಲಿ ಎರಡು ಎಲೆಕ್ಟ್ರಾನುಗಳು ಸೇರಿದರೆ ಅವುಗಳ ನಡುವಿನ ವಿಕರ್ಷಣೆ ತೀವ್ರವಾಗುತ್ತದೆ. ಆದುದರಿಂದ ದಾರಿಯಿದ್ದರೂ ಚಲನೆಯಿಲ್ಲ. ನೆವಿಲ್ ಮಾಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಯ ಹೆಸರಿನಿಂದ ಇಂಥ ವಸ್ತುಗಳನ್ನು ಮಾಟ್ ಅವಾಹಕಗಳೆಂದು ಕರೆಯುತ್ತಾರೆ.

ಹೀಗೆ ಕುಳಿತಲ್ಲೇ ಕುಳಿತ ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಒಂದರ ಮುಖ ಮೇಲಿದ್ದರೆ ಅದರ ನೆರೆಯದರ ಮುಖ ಕೆಳಗೆ. ಹಾಸಿನ ಉದ್ದಗಲಕ್ಕೂ ಈ ಕ್ರಮ ಸಾಗುತ್ತದೆ. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದರೆ ವಸ್ತು ಹೊರಗಿನ ಕಬ್ಬಿಣವನ್ನು ಸೆಳೆಯುತ್ತಿತ್ತು. ಇಲ್ಲಿ ಒಂದನ್ನೊಂದು ಅಳಿಸಿಹಾಕುವುದರಿಂದ ಒಳಗೆ ಕಟ್ಟುನಿಟ್ಟಾದ ಕ್ರಮವಿದ್ದರೂ ಹೊರಗೆ ಏನೂ ತೋರುವುದಿಲ್ಲ. ಈ ಕ್ರಮ ಸುಮಾರು 325 ಕೆಲ್ವಿನ್‌ವರೆಗೆ, ಅಂದರೆ ಸುಮಾರು 52 ಡಿಗ್ರಿ ಸೆಲ್ಸಿಯಸ್‌ವರೆಗೆ, ಉಳಿದಿರುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಮುಖಗಳು ಚೆದುರುತ್ತವೆ.

ಪರಿಭಾಷೆಯ ಸಮಸ್ಯೆ ಎದುರಾಗುವುದು ಇಲ್ಲಿಯೇ. ಈ ಗುಣಕ್ಕೆ ಕನ್ನಡದಲ್ಲಿ ಪ್ರತಿಫೆರೋಕಾಂತತೆ ಎಂಬಂಥ ಪದಗಳನ್ನು ಬಳಸಲಾಗುತ್ತದೆ. ‘ಫೆರೋ’ ಎಂಬುದು ಕಬ್ಬಿಣದ ಲ್ಯಾಟಿನ್ ಹೆಸರಿನಿಂದ ಬಂದುದು. ‘ಅಯಸ್ಕಾಂತ’ದಲ್ಲಿನ ‘ಅಯಸ್’ ಕೂಡ ಕಬ್ಬಿಣವೇ. ಆದರೆ ಇಲ್ಲಿ ಚರ್ಚಿಸುತ್ತಿರುವ ವಸ್ತುವಿನಲ್ಲಿ ಕಬ್ಬಿಣವೇ ಇಲ್ಲ. ಆಧುನಿಕ ಕನ್ನಡ ‘ಅಯಸ್’ ಅನ್ನು ಬಿಟ್ಟು ‘ಕಾಂತತೆ’ ಎಂಬ ರೂಪವನ್ನು ಉಳಿಸಿಕೊಂಡದ್ದು, ಕಬ್ಬಿಣಕ್ಕೆ ಮಾತ್ರ ಸೀಮಿತವಲ್ಲದ ಈ ಗುಣಕ್ಕೆ ಒಪ್ಪುವಂತೆಯೇ ಇದೆ. ಇನ್ನು ‘ಪ್ರತಿ’ ಎಂಬ ಉಪಸರ್ಗ ಈ ಗುಣವನ್ನು ಕಾಂತತೆಯ ವಿರೋಧಿಯೆಂದು ಭಾವಿಸುವಂತೆ ಮಾಡುತ್ತದೆ. ವಾಸ್ತವವಾಗಿ ಇದು ಕಾಂತತೆಯದೇ ಇನ್ನೊಂದು ವ್ಯವಸ್ಥೆ. ಹಾಗೆಂದು ಪದವನ್ನು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೇ? ‘ಎದುರುಮುಖ ಕಾಂತತೆ’ ಎಂಬ ಹೊಸ ಪದವನ್ನು ಕಟ್ಟಬಹುದು. ಅದು ಹೆಚ್ಚು ಸೂಚಕವೂ ಆಗಬಹುದು. ಆದರೂ ‘ಒಂದರ ಮುಖ ಮೇಲಿದ್ದರೆ ಅದರ ನೆರೆಯದರ ಮುಖ ಕೆಳಗೆ’ ಎಂಬ ವಾಕ್ಯವಿಲ್ಲದೆ ಆ ಪದಕ್ಕೂ ಅರ್ಥ ತುಂಬುವುದಿಲ್ಲ. ಆ ವಾಕ್ಯವಿದ್ದರೆ ಹಳೆಯ ಪದವೂ ಕೆಲಸ ಮಾಡುತ್ತದೆ.

ಇದಕ್ಕೆ ಪೋಷಕವಾಗಿ ‘ಆಮ್ಲಜನಕ’ ಎಂಬ ಪದವನ್ನೇ ನೋಡಬಹುದು. ಎಲ್ಲ ಆಮ್ಲಗಳಲ್ಲೂ ಈ ಅನಿಲದ ಅಂಶವಿರುತ್ತದೆಂದು ನಂಬಿ ಫ್ರಾನ್ಸಿನ ಲವಾಸಿಯೆ 18ನೆಯ ಶತಮಾನದಲ್ಲಿ ಇಟ್ಟ ಹೆಸರಿನ ಭಾಷಾಂತರ ಅದು. ಆ ನಂಬಿಕೆ ತಪ್ಪೆಂದು ಬಹುಬೇಗ ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲ. ಆದರೂ ಈ ಪದದಿಂದ ಕನ್ನಡದ ಯಾವ ವಿದ್ಯಾರ್ಥಿಯೂ ದಾರಿತಪ್ಪಿಲ್ಲ. ಉಸಿರಾಟ, ಉರಿಯುವಿಕೆ, ತುಕ್ಕು ಇವುಗಳ ಬಗೆಗೆ ಕಲಿತ ನೂರಾರು ವಾಕ್ಯಗಳು ಆ ಪದಕ್ಕೆ ಅದರ ವ್ಯುತ್ಪತ್ತಿಯಲ್ಲಿಲ್ಲದ ಅರ್ಥವನ್ನು ತಂದುಕೊಟ್ಟಿವೆ. ಕೋಬಾಲ್ಟ್ ಎಂಬ ಹೆಸರಿನ ಹಿನ್ನೆಲೆಯೂ ಇಂಥದೇ. ಜರ್ಮನಿಯ ಗಣಿಗಾರರು ತಮ್ಮನ್ನು ವಂಚಿಸಿದ ಅದಿರಿಗೆ ಕಾಟ ಕೊಡುವ ಭೂತದ ಹೆಸರನ್ನು ಇಟ್ಟಿದ್ದರು. ಇಂದು ಆ ಭೂತದ ನೆನಪು ಯಾರಿಗೂ ಬೇಕಾಗಿಲ್ಲ.

ತೆರವು, ಹದ ಮತ್ತು ‘ಅತಿ’

ಪಂಕ್ತಿಯಿಂದ ಒಬ್ಬರು ಎದ್ದುಹೋದರೆ ಆಗ ಸರಿದಾಟ ಸಾಧ್ಯವಾಗುತ್ತದೆ. ಪಕ್ಕದವರು ತೆರವಾದ ಜಾಗಕ್ಕೆ ಸರಿದರೆ ಅವರ ಜಾಗ ತೆರವಾಗುತ್ತದೆ. ಅಲ್ಲಿಗೆ ಇನ್ನೊಬ್ಬರು ಬರುತ್ತಾರೆ. ನೋಡುವವರಿಗೆ ತೆರವೇ ನಡೆದುಹೋದಂತೆ ಕಾಣುತ್ತದೆ. ಲ್ಯಾಂತನಮ್‌ನ ಒಂದು ಭಾಗದ ಬದಲಿಗೆ ಸ್ಟ್ರಾನ್ಷಿಯಂ ಸೇರಿಸಿದಾಗ ಆಗುವುದು ಇದೇ. ಲ್ಯಾಂತನಮ್ ಮೂರು ಎಲೆಕ್ಟ್ರಾನುಗಳನ್ನು ಕೊಡುವಲ್ಲಿ ಸ್ಟ್ರಾನ್ಷಿಯಂ ಎರಡನ್ನೇ ಕೊಡುತ್ತದೆ. ಆ ಕೊರತೆ ತಾಮ್ರದ ಪದರದಲ್ಲಿ ತೆರವಾಗಿ ಕಾಣಿಸಿಕೊಳ್ಳುತ್ತದೆ. ಒಂದು ತಾಮ್ರದ ಲೆಕ್ಕಕ್ಕೆ 0.02ರಷ್ಟು ಸ್ಟ್ರಾನ್ಷಿಯಂ ಸೇರುವುದರೊಳಗೆ ಮೇಲೆ-ಕೆಳಗೆ ಎಂಬ ಉದ್ದಗಲದ ಕಾಂತೀಯ ಕ್ರಮ ಕುಸಿಯುತ್ತದೆ. 0.15ರ ಸುಮಾರಿಗೆ ವಸ್ತು 38 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕವಾಗುತ್ತದೆ. ಇನ್ನೂ ಸೇರಿಸುತ್ತ ಹೋದರೆ ಅತಿವಾಹಕತೆ ಮತ್ತೆ ಇಳಿಯುತ್ತದೆ.

ಪಠ್ಯಗಳಲ್ಲಿ ಈ ತೆರವಿಗೆ ‘ರಂಧ್ರ’ ಎಂಬ ಪದ ರೂಢಿಯಲ್ಲಿದೆ. ರಂಧ್ರ ಎಂದರೆ ತೂತು. ತೂತು ಇದ್ದಲ್ಲೇ ಇರುತ್ತದೆ. ‘ತೆರವು’ ಎಂಬುದು ಆಡುಮಾತಿನಲ್ಲೂ ಆಡಳಿತದ ಭಾಷೆಯಲ್ಲೂ ಇರುವ ಮಾತು. ಯಾರೋ ಇದ್ದು ಹೋದರು, ಇನ್ನಾರೋ ಬರಬಹುದು ಎಂಬ ಎರಡೂ ಸೂಚನೆಗಳು ಅದರಲ್ಲಿವೆ. ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದಾಗ ಎದ್ದ ಚರ್ಚೆಯಲ್ಲಿ ಪದಗಳ ಮೂಲದ ಪ್ರಶ್ನೆಯೇ ಹೆಚ್ಚಿನ ಗಮನ ಸೆಳೆಯಿತು. ‘ತೆರವು’ ಇಲ್ಲಿ ಮೇಲೆನಿಸುವುದಕ್ಕೆ ಅದರ ಮೂಲ ಕಾರಣವಲ್ಲ. ‘ತೆರವು ಸರಿಯಿತು’, ‘ತೆರವು ತುಂಬಿತು’, ‘ತೆರವಾಯಿತು’ ಎಂದು ಕ್ರಿಯಾಪದಗಳೊಡನೆ ಅದು ಸಲೀಸಾಗಿ ಕೂಡುತ್ತದೆ. ಒಂದು ಪಾರಿಭಾಷಿಕ ಪದ ಎಷ್ಟು ಕ್ರಿಯಾಪದಗಳೊಡನೆ ಬಾಳಬಲ್ಲುದು ಎಂಬುದು ಅದರ ಯೋಗ್ಯತೆಯ ಪರೀಕ್ಷೆಯಾಗಬೇಕು.

ಪ್ರಯೋಗಾಲಯದಲ್ಲಿ ಇಂಥ ವಸ್ತುವನ್ನು ತಯಾರಿಸುವ ಕ್ರಮವನ್ನು ಹೇಳುವಾಗಲಂತೂ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಲೆಕ್ಕಕ್ಕೆ ಸರಿಯಾಗಿ ತೂಗಿದ ಪುಡಿಗಳನ್ನು ಒರಳಿನಲ್ಲಿ ನುಣ್ಣಗೆ ಅರೆದು, ಕುಲುಮೆಯಲ್ಲಿ ಕಾಯಿಸಿ, ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ, 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು, ಕೊನೆಗೆ ಆಮ್ಲಜನಕವನ್ನು ಹಾಯಿಸುತ್ತ ನಿಧಾನವಾಗಿ ಆರಬಿಡುತ್ತಾರೆ. ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡಿನಲ್ಲಿ ಈ ಕೊನೆಯ ಹಂತವೇ ನಿರ್ಣಾಯಕ. ಆರುವಾಗ ಸಾಕಷ್ಟು ಆಮ್ಲಜನಕ ಒಳಸೇರಿದರೆ ಅದು 90 ಕೆಲ್ವಿನ್‌ಗಿಂತ ಮೇಲೆಯೂ ಅತಿವಾಹಕ. ಆಮ್ಲಜನಕ ಕಡಿಮೆಯಾಗಿ ಉಳಿದರೆ ಅದೇ ವಸ್ತು ಎದುರುಮುಖದ ಕಾಂತೀಯ ಕ್ರಮವುಳ್ಳ ಅವಾಹಕ. ‘ಹದ’ ಎಂಬ ಒಂದು ಕನ್ನಡ ಪದ ಈ ಇಡೀ ವಿಚಾರವನ್ನು ಅಡುಗೆಮನೆಯಿಂದ, ಕಮ್ಮಾರಸಾಲೆಯಿಂದ, ಹೊಲದಿಂದ ಎತ್ತಿಕೊಂಡು ಬರುತ್ತದೆ.

‘ಅತಿವಾಹಕ’ ಎಂಬ ಪದದ ವಿಷಯದಲ್ಲಿ ಎಚ್ಚರ ಅಗತ್ಯ. ಕನ್ನಡದಲ್ಲಿ ‘ಅತಿ’ ಪ್ರಮಾಣವನ್ನು ಸೂಚಿಸುವ ಮಾತು. ತಾಮ್ರ ಒಳ್ಳೆಯ ವಾಹಕ, ಬೆಳ್ಳಿ ಇನ್ನೂ ಒಳ್ಳೆಯ ವಾಹಕ, ಇದು ಎಲ್ಲಕ್ಕಿಂತ ಹೆಚ್ಚಿನ ವಾಹಕ ಎಂಬ ಏಣಿಯ ಕಲ್ಪನೆ ಅದರಿಂದ ಹುಟ್ಟುತ್ತದೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನೆಸ್ ಪಾದರಸದಲ್ಲಿ ಕಂಡದ್ದು ಬೇರೆಯದೇ ಸಂಗತಿ. ಸುಮಾರು 4.2 ಕೆಲ್ವಿನ್‌ನಲ್ಲಿ ಅದರ ವಿದ್ಯುತ್ ರೋಧ ಒಮ್ಮೆಲೇ ಇಲ್ಲವಾಯಿತು. 1933ರಲ್ಲಿ ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ತೋರಿಸಿದಂತೆ, ಅತಿವಾಹಕ ತನ್ನೊಳಗಿನ ಕಾಂತಕ್ಷೇತ್ರವನ್ನೂ ಹೊರದೂಡುತ್ತದೆ. ಎಂಥ ಒಳ್ಳೆಯ ವಾಹಕಕ್ಕೂ ಈ ಗುಣವಿಲ್ಲ. ಪದ ಉಂಟುಮಾಡುವ ತಪ್ಪು ಗ್ರಹಿಕೆಯನ್ನು ವಾಕ್ಯವೇ ತಿದ್ದಬೇಕು. ಪದಕೋಶದ ಕೈಯಲ್ಲಿ ಅದು ಆಗುವುದಿಲ್ಲ.

ಕೋಬಾಲ್ಟ್: ಯಾರು ಎಂಬುದಕ್ಕಿಂತ ಎಲ್ಲಿ ಎಂಬುದು

ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡಿನಲ್ಲಿ ಪ್ರತಿ ಮೂರು ತಾಮ್ರಗಳಲ್ಲಿ ಎರಡು ಪದರಗಳಲ್ಲಿರುತ್ತವೆ. ಉಳಿದ ಒಂದು, ಆಮ್ಲಜನಕದೊಡನೆ ಸರಪಳಿಯಾಗಿ ಬೇರೆಡೆ ಇರುತ್ತದೆ. ಅತಿವಾಹಕತೆಯ ನೆಲೆ ಪದರಗಳು. ಸರಪಳಿಗಳು ಅವುಗಳಿಗೆ ತೆರವುಗಳನ್ನು ಒದಗಿಸುವ ಉಗ್ರಾಣದಂತೆ ಕೆಲಸ ಮಾಡುತ್ತವೆ. ಈ ವಸ್ತುವಿನಲ್ಲಿ ತಾಮ್ರದ ಒಂದು ಅಂಶದ ಬದಲಿಗೆ ಕೋಬಾಲ್ಟನ್ನು ಸೇರಿಸಿದರೆ ಅದು ಬಹುಪಾಲು ಸರಪಳಿಯ ನೆಲೆಗೇ ಹೋಗಿ ಸೇರುತ್ತದೆ. ಬರುವಾಗ ಹೆಚ್ಚುವರಿ ಆಮ್ಲಜನಕವನ್ನೂ ಸೆಳೆದುಕೊಳ್ಳುತ್ತದೆ. ಸರಪಳಿಯ ಓರಣ ಕೆಡುತ್ತದೆ. ಉದ್ದಗಲಗಳಲ್ಲಿ ಸಣ್ಣ ವ್ಯತ್ಯಾಸವಿದ್ದ ಸ್ಫಟಿಕದ ಘಟಕ ಚೌಕ ತಳದ್ದಾಗುತ್ತದೆ. ಉಗ್ರಾಣದಿಂದ ಪದರಗಳಿಗೆ ಬರುವ ತೆರವುಗಳು ಕಡಿಮೆಯಾಗುತ್ತ, ಅತಿವಾಹಕತೆಯ ತಾಪ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಇಳಿಯುತ್ತದೆ. ಕೋಬಾಲ್ಟಿನ ಪ್ರಮಾಣ ಸಾಕಷ್ಟು ಹೆಚ್ಚಿದಾಗ ಅತಿವಾಹಕತೆ ಪೂರ್ತಿ ಅಳಿದು, ಪದರಗಳು ಮತ್ತೆ ಎದುರುಮುಖದ ಕಾಂತೀಯ ಕ್ರಮಕ್ಕೆ ಮರಳುತ್ತವೆ.

ಇದರೊಡನೆ ಸತುವನ್ನು ಹೋಲಿಸಿದಾಗ ಅಚ್ಚರಿಯ ಸಂಗತಿಯೊಂದು ಕಾಣುತ್ತದೆ. ಕೋಬಾಲ್ಟ್ ಸ್ವತಃ ಕಾಂತೀಯ ಗುಣವುಳ್ಳ ಲೋಹ. ಈ ಆಕ್ಸೈಡಿಗೆ ಸೇರುವ ಸತುವಿನ ಅಯಾನಿಗೆ ಜೋಡಿಯಿಲ್ಲದ ಎಲೆಕ್ಟ್ರಾನೇ ಇಲ್ಲ. ಸೀಸದಂಥ ಹಳೆಯ ಅತಿವಾಹಕಗಳಲ್ಲಿ ಕಾಂತೀಯ ಬೆರಕೆಯೇ ಹೆಚ್ಚು ಹಾನಿಕರವೆಂದೂ ಕಾಂತೀಯವಲ್ಲದ ಬೆರಕೆಯಿಂದ ಅಷ್ಟಾಗಿ ತೊಂದರೆಯಿಲ್ಲವೆಂದೂ ತಿಳಿದಿತ್ತು. ಇಲ್ಲಿ ಫಲಿತಾಂಶ ತಿರುಗುಮುರುಗಾಗಿದೆ. ಸತು ಪದರದೊಳಗೇ ಹೋಗಿ ಕೂರುತ್ತದೆ. ತಾಮ್ರದ ನೂರು ಪರಮಾಣುಗಳಲ್ಲಿ ಕೆಲವೇ ಪರಮಾಣುಗಳ ಬದಲಿಗೆ ಸತು ಬಂದರೂ ಅತಿವಾಹಕತೆಯ ತಾಪ ತೀವ್ರವಾಗಿ ಕುಸಿಯುತ್ತದೆ. ಅಷ್ಟೇ ಪ್ರಮಾಣದ ಕೋಬಾಲ್ಟ್ ಸರಪಳಿಯಲ್ಲಿದ್ದಾಗ ಮಾಡುವ ಹಾನಿ ಅದಕ್ಕಿಂತ ಕಡಿಮೆ. ಆದರೆ ಸರಪಳಿಯೇ ಇಲ್ಲದ ಲ್ಯಾಂತನಮ್ ಸ್ಟ್ರಾನ್ಷಿಯಂ ತಾಮ್ರದ ಆಕ್ಸೈಡಿಗೆ ಇದೇ ಕೋಬಾಲ್ಟನ್ನು ಬೆರೆಸಿದರೆ ಅದಕ್ಕೆ ಪದರವಲ್ಲದೆ ಬೇರೆ ನೆಲೆಯಿಲ್ಲ. ಅಲ್ಲಿ ಕೆಲವೇ ಪ್ರತಿಶತ ಕೋಬಾಲ್ಟ್ ಅತಿವಾಹಕತೆಯನ್ನು ಇಲ್ಲವಾಗಿಸುತ್ತದೆ. ಬಂದದ್ದು ಯಾವ ಲೋಹ ಎಂಬುದರ ಜೊತೆಗೆ ಅದು ಎಲ್ಲಿ ಬಂದು ಕೂತಿತು ಎಂಬುದನ್ನು ಕೇಳದೆ ಗುಣವನ್ನು ನಿರ್ಣಯಿಸಲಾಗದು.

ತಾಮ್ರದ ಪದರವನ್ನು ಪೂರ್ತಿಯಾಗಿ ತೆಗೆದು ಕೋಬಾಲ್ಟಿನ ಪದರವನ್ನೇ ಇಟ್ಟರೆ ಏನಾಗುತ್ತದೆ? ಲ್ಯಾಂತನಮ್ ಕೋಬಾಲ್ಟ್ ಆಕ್ಸೈಡಿನ ರಚನೆ ತಾಮ್ರದ್ದನ್ನು ಹೋಲುತ್ತದೆ. ಅದರಲ್ಲೂ ಸುಮಾರು 275 ಕೆಲ್ವಿನ್‌ವರೆಗೆ ಎದುರುಮುಖದ ಕಾಂತೀಯ ಕ್ರಮವಿದೆ. ಆದರೆ ಸ್ಟ್ರಾನ್ಷಿಯಂ ಬೆರೆಸಿದರೂ ಅದು ತಾಮ್ರದ ಬಂಧುವಿನಂತೆ ಅತಿವಾಹಕವಾಗುವುದಿಲ್ಲ. ತಾಮ್ರದ ಅಯಾನಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದೇ. ಇಲ್ಲಿನ ಕೋಬಾಲ್ಟ್ ಅಯಾನಿನಲ್ಲಿ ಅಂಥವು ಮೂರು. ಕಟ್ಟಡ ಒಂದೇ ಆದರೂ ವಾಸಿಸುವವರು ಬೇರೆಯಾದಾಗ ಬಾಳುವೆಯೂ ಬೇರೆಯಾಗುತ್ತದೆ. 2003ರಲ್ಲಿ ಜಪಾನಿನ ಸಂಶೋಧಕರು ಸೋಡಿಯಂ ಮತ್ತು ನೀರು ಸೇರಿದ, ತ್ರಿಕೋನ ಹಾಸಿನ ಕೋಬಾಲ್ಟ್ ಆಕ್ಸೈಡೊಂದು ಸುಮಾರು 5 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ಕಂಡರು. ಹಾಗಾಗಿ ಕೋಬಾಲ್ಟಿನ ಆಕ್ಸೈಡುಗಳಿಗೆ ಈ ಗುಣ ಸಲ್ಲದೆಂದು ಸಾರಾಸಗಟಾಗಿ ಹೇಳುವಂತೆಯೂ ಇಲ್ಲ.

ಈ ವಸ್ತುಗಳನ್ನು ಕನ್ನಡದಲ್ಲಿ ಕರೆಯುವಾಗ ‘ಕೋಬಾಲ್ಟ್‌ಯುಕ್ತ ಸ್ತರೀಯ ತಾಮ್ರ ಆಕ್ಸೈಡುಗಳು’ ಎಂದು ಬರೆಯುವುದು ಸುಲಭ. ಅದು ಶಾಸ್ತ್ರೀಯವಾಗಿಯೂ ಕೇಳಿಸುತ್ತದೆ. ಆದರೆ ‘ಯುಕ್ತ’ ಎಂಬ ಸಮಾಸಪದ ಮುಖ್ಯವಾದ ವ್ಯತ್ಯಾಸವೊಂದನ್ನು ಮುಚ್ಚಿಬಿಡುತ್ತದೆ. ಕೆಲವು ಆಕ್ಸೈಡುಗಳಲ್ಲಿ ಕೋಬಾಲ್ಟ್ ತಾಮ್ರದ ಜಾಗಕ್ಕೆ ಬಂದ ಬದಲಿ. ಇನ್ನು ಕೆಲವು ಆಕ್ಸೈಡುಗಳಲ್ಲಿ ಕೋಬಾಲ್ಟಿಗೆ ತನ್ನದೇ ಪದರವಿದೆ. ಕೋಬಾಲ್ಟ್, ಸ್ಟ್ರಾನ್ಷಿಯಂ, ಇಟ್ರಿಯಂ, ತಾಮ್ರ ಸೇರಿದ ಒಂದು ಬಗೆಯಲ್ಲಿ ಪ್ರತಿ ಕೋಬಾಲ್ಟ್ ನಾಲ್ಕು ಆಮ್ಲಜನಕಗಳ ನಡುವೆ ಕುಳಿತು, ಸರಪಳಿಯಾಗಿ ತಾಮ್ರದ ಪದರಗಳ ನಡುವೆ ಸಾಗುತ್ತದೆ. ಇಟ್ರಿಯಂನ ಒಂದು ಭಾಗದ ಬದಲು ಕ್ಯಾಲ್ಸಿಯಂ ಸೇರಿಸಿ, ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವನ್ನು ತುಂಬಿದಾಗ ಇಂಥ ವಸ್ತುವೂ ಅತಿವಾಹಕವಾಗಬಲ್ಲುದು. ಕೋಬಾಲ್ಟ್ ಇಲ್ಲಿ ಮನೆಯವನು, ಅಲ್ಲಿ ಬದಲಿಗೆ ಬಂದವನು. ‘ತಾಮ್ರದ ಜಾಗಕ್ಕೆ ಕೋಬಾಲ್ಟ್ ಬಂದ ಆಕ್ಸೈಡ್’, ‘ಕೋಬಾಲ್ಟಿಗೆ ತನ್ನದೇ ಪದರವಿರುವ ಆಕ್ಸೈಡ್’ ಎಂಬ ಎರಡು ರಚನೆಗಳಲ್ಲಿ ಕನ್ನಡದ ಕೃದಂತ ಮತ್ತು ವಿಭಕ್ತಿಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತವೆ. ಬರೆಯುವವನು ಎರಡರಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಆರಿಸಬೇಕಾದರೆ ವಿಷಯ ಗೊತ್ತಿರಬೇಕು. ದೀರ್ಘ ಸಮಾಸ ವಿಷಯ ಗೊತ್ತಿಲ್ಲದವನನ್ನೂ ದಾಟಿಸಿಬಿಡುತ್ತದೆ.

ಆಕ್ಷೇಪಗಳು

ಮೇಲಿನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು ಪ್ರಯೋಜನವನ್ನು ಕುರಿತದ್ದು. ಈ ಕ್ಷೇತ್ರದ ಸಂಶೋಧನೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಬೆಂಗಳೂರಿನ ವಿಜ್ಞಾನಿಗಳೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಹೀಗಿರುವಾಗ ಕನ್ನಡದಲ್ಲಿ ಇದನ್ನು ಯಾರಿಗಾಗಿ ಬರೆಯಬೇಕು? ಆಕ್ಷೇಪದ ಮೊದಲ ಭಾಗವನ್ನು ಒಪ್ಪಬಹುದು. ಜಗತ್ತಿನ ವಿಜ್ಞಾನಿಗಳು ಒಂದು ಸಾಮಾನ್ಯ ಭಾಷೆಯಲ್ಲಿ ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ಕರ್ನಾಟಕದ ದೊಡ್ಡ ಸಂಖ್ಯೆಯ ಮಕ್ಕಳು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿತು, ಪದವಿಪೂರ್ವ ಹಂತದಲ್ಲಿ ಇಂಗ್ಲಿಷಿಗೆ ದಾಟುತ್ತಾರೆ. ಕಾಂತತೆ, ರೋಧ, ವಾಹಕ ಎಂಬ ಪದಗಳನ್ನು ವ್ಯಾಖ್ಯೆಗಳೊಡನೆ ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಈ ದಾಟುವಿಕೆಯಲ್ಲಿ ಪದಗಳ ಜೊತೆಗೆ ಎಲ್ಲವೂ ಕಳೆದುಹೋಗುತ್ತದೆ. ಹತ್ತು ವರ್ಷ ಕಲಿತದ್ದನ್ನು ಅವನು ಹೊಸದಾಗಿ ಆರಂಭಿಸಬೇಕಾಗುತ್ತದೆ. ಅನೇಕರು ಅಲ್ಲಿಯೇ ವಿಜ್ಞಾನವನ್ನು ಬಿಡುತ್ತಾರೆ. ಸಂಬಂಧಗಳನ್ನು ಕನ್ನಡದ ವಾಕ್ಯಗಳಲ್ಲಿ ಅರಿತ ವಿದ್ಯಾರ್ಥಿಗೆ ಬದಲಾಗುವುದು ಹೆಸರುಗಳು ಮಾತ್ರ. ಒಬ್ಬರು ಎದ್ದುಹೋದರೆ ಪಂಕ್ತಿ ಸರಿಯುತ್ತದೆ ಎಂಬುದನ್ನು ಅರಿತವನಿಗೆ ತೆರವಿನ ಇಂಗ್ಲಿಷ್ ಹೆಸರನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗದು.

ಎರಡನೆಯ ಆಕ್ಷೇಪ ಹೋಲಿಕೆಗಳನ್ನು ಕುರಿತದ್ದು. ಪಂಕ್ತಿ, ಉಗ್ರಾಣ, ಸೂಜಿಗಲ್ಲು ಮುಂತಾದ ಉಪಮಾನಗಳು ವಿಷಯವನ್ನು ಸುಲಭಗೊಳಿಸುವ ನೆಪದಲ್ಲಿ ವಿರೂಪಗೊಳಿಸುತ್ತವೆ ಎಂಬುದು ಅದರ ಸಾರ. ಇದು ನ್ಯಾಯವಾದ ಆಕ್ಷೇಪ. ಎಲೆಕ್ಟ್ರಾನ್ ಊಟಕ್ಕೆ ಕುಳಿತ ವ್ಯಕ್ತಿಯಲ್ಲ. ಅದು ತನ್ನ ನೆಲೆಯನ್ನು ಹಾಗೆ ಖಚಿತವಾಗಿ ಹಿಡಿದು ಕೂರುವುದೂ ಇಲ್ಲ. ತೆರವುಗಳು ಜೋಡಿಗೂಡಿ ರೋಧವಿಲ್ಲದೆ ಸಾಗುವುದನ್ನಂತೂ ಪಂಕ್ತಿಯ ಹೋಲಿಕೆಯಿಂದ ವಿವರಿಸಲಾಗದು. ತಾಮ್ರದ ಆಕ್ಸೈಡುಗಳಲ್ಲಿ ಆ ಜೋಡಿಯನ್ನು ಬೆಸೆಯುವ ಶಕ್ತಿ ಯಾವುದೆಂಬ ಬಗೆಗೆ 1986ರಿಂದ ಇಂದಿನವರೆಗೂ ವಿಜ್ಞಾನಿಗಳಲ್ಲಿ ಒಮ್ಮತ ಮೂಡಿಲ್ಲ. ಆದುದರಿಂದ ಪ್ರತಿಯೊಂದು ಉಪಮಾನವೂ ತನ್ನ ಮೇರೆಯನ್ನು ಹೇಳಿಕೊಂಡೇ ಬರಬೇಕು. ಉಪಮಾನ ಎಲ್ಲಿಯವರೆಗೆ ಒಪ್ಪುತ್ತದೆ, ಸಾಧರ್ಮ್ಯ ಎಲ್ಲಿ ಮುರಿಯುತ್ತದೆ ಎಂಬುದನ್ನು ವಿವೇಚಿಸುವ ಶಿಸ್ತು ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ಕನ್ನಡ ವಿಭಾಗಗಳಿಗೆ ಹೊಸದಲ್ಲ. ಆ ಶಿಸ್ತನ್ನು ಕಾವ್ಯದ ಆಚೆಗೆ ತಂದಿಲ್ಲ, ಅಷ್ಟೇ.

ವಿಭಾಗಗಳ ಹೊಣೆ

ಈ ಚರ್ಚೆಯ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ವಿಜ್ಞಾನಗದ್ಯವನ್ನು ಗದ್ಯವೆಂದೇ ಓದುವ ಒಂದು ಪತ್ರಿಕೆ ಸ್ನಾತಕೋತ್ತರ ಪಠ್ಯಕ್ರಮದಲ್ಲಿರಬೇಕು. ಪ್ರಬಂಧ ಮತ್ತು ಜೀವನಚರಿತ್ರೆಗಳ ಗದ್ಯವನ್ನು ವಿಶ್ಲೇಷಿಸುವಷ್ಟೇ ಶ್ರದ್ಧೆಯಿಂದ ವಿಶ್ವಕೋಶದ ಒಂದು ಲೇಖನವನ್ನೋ ಹೈಸ್ಕೂಲಿನ ವಿಜ್ಞಾನ ಪಠ್ಯದ ಒಂದು ಅಧ್ಯಾಯವನ್ನೋ ವಿಶ್ಲೇಷಿಸಬೇಕು. ಅಲ್ಲಿ ಕರ್ತೃ ಯಾವುದು, ಕ್ರಿಯೆ ಯಾವುದು, ಕಾರಣ ಎಲ್ಲಿ ಮುಚ್ಚಿಹೋಗಿದೆ, ಸಮಾಸ ಎಲ್ಲಿ ವಿಚಾರದ ಜಾಗವನ್ನು ಕಬಳಿಸಿದೆ ಎಂಬುದನ್ನು ಗುರುತಿಸುವುದಕ್ಕೆ ಭೌತಶಾಸ್ತ್ರದ ಪದವಿಯೊಂದೇ ಸಾಲದು, ಕನ್ನಡದ ಪದವಿಯೂ ಬೇಕು. ಪಠ್ಯರಚನೆಯ ಸಮಿತಿಗಳಲ್ಲಿ ಕನ್ನಡ ಅಧ್ಯಾಪಕನನ್ನು ಕಾಗುಣಿತ ತಿದ್ದುವವನ ಸ್ಥಾನದಲ್ಲಿ ಕೂರಿಸದೆ, ವಾಕ್ಯ ಅರ್ಥವಾಗುತ್ತದೆಯೇ ಎಂದು ವಿಜ್ಞಾನಿಯನ್ನು ಪ್ರಶ್ನಿಸುವ ಅಧಿಕಾರದೊಡನೆ ಕೂರಿಸಬೇಕು. ಇಂದು ಪದಕ್ಕೆ ಪದವನ್ನು ಯಂತ್ರವೇ ಕ್ಷಣಮಾತ್ರದಲ್ಲಿ ಒದಗಿಸುತ್ತದೆ. ಆ ಪದಗಳನ್ನು ಜೋಡಿಸಿದ ವಾಕ್ಯದಲ್ಲಿ ವಿಚಾರ ಉಳಿದಿದೆಯೇ ಎಂದು ತೀರ್ಮಾನಿಸುವ ಹೊಣೆ ಹಿಂದಿಗಿಂತ ಹೆಚ್ಚಾಗಿದೆ.

ಒಟ್ಟಿನಲ್ಲಿ, ಕನ್ನಡಕ್ಕೆ ಆಧುನಿಕ ವಿಜ್ಞಾನವನ್ನು ಹೇಳುವ ಶಕ್ತಿಯಿದೆಯೇ ಎಂಬ ಪ್ರಶ್ನೆಯನ್ನು ಪದಕೋಶದ ಪುಟಗಳಲ್ಲಿ ಪರೀಕ್ಷಿಸಿದರೆ ಉತ್ತರ ಯಾವಾಗಲೂ ಅರೆಬರೆಯಾಗಿಯೇ ಬರುತ್ತದೆ. ಅದನ್ನು ವಾಕ್ಯದಲ್ಲಿ ಪರೀಕ್ಷಿಸಬೇಕು. ಒಂದೇ ಕೋಬಾಲ್ಟ್ ಸರಪಳಿಯಲ್ಲಿ ಕೂತಾಗ ಒಂದು ಬಗೆ, ಪದರದಲ್ಲಿ ಕೂತಾಗ ಇನ್ನೊಂದು ಬಗೆ. ಪಾರಿಭಾಷಿಕ ಪದಕ್ಕೂ ಈ ಮಾತು ಸಲ್ಲುತ್ತದೆ. ಸಂಸ್ಕೃತದ್ದಾಗಲಿ, ಇಂಗ್ಲಿಷಿನದಾಗಲಿ, ಕನ್ನಡದ್ದೇ ಆಗಲಿ, ಅದು ಎಲ್ಲಿಂದ ಬಂದಿತು ಎಂಬ ವಿಚಾರಣೆ ಕನ್ನಡದಲ್ಲಿ ಸಾಕಷ್ಟು ನಡೆದಿದೆ. ವಾಕ್ಯದಲ್ಲಿ ಎಲ್ಲಿ ಕೂತು ಏನು ಮಾಡುತ್ತದೆ ಎಂಬ ವಿಚಾರಣೆ ಇನ್ನು ಆಗಬೇಕಾಗಿದೆ.